ತೆರ್ಕಾಳ ಬಾಯಿ

ನಿಜವಾದ ತೆರ್ಕಾ ಯಾರು ಎಂದು ಕೇಳಿಕೊಂಡು
ಮ್ಯೂಸಿಯಮ್ಮಿನ ಹುಡುಗ ಇವತ್ತೂ ಬಂದಿದ್ದ.
ಕೂರಿಸಿ ಕಾಫಿ ಕೊಟ್ಟೆ.
ಸಕ್ಕರೆಯ ಜೊತೆ ಒಂದು ಸುಳ್ಳನ್ನೂ ಕೊಟ್ಟೆ.

ಬುಡಾಪೆಸ್ಟಿನ ಈ ಬೊಂಬೆಮನೆಯಲ್ಲಿ
ಸೂಜಿ ಹಿಡಿದೇ ಮುದುಕಿಯಾದವಳು ನಾನು.
ಅವಳ ಬಾಯಿಯನ್ನು ಬಿಚ್ಚಿ ಹೊಲಿದಷ್ಟು ಸಲ
ಗಂಡನ ಅಂಗಿಗೆ ಗುಂಡಿ ಹಾಕಿದವಳಲ್ಲ.

ಮೊದಲು ಅವಳೊಂದು ಜೋಳದ ದಿಂಡು, ಅಷ್ಟೆ.
ಕಾಳು ತಿಂದಾದ ಮೇಲೆ ಉಳಿದದ್ದು.
ಮೇಲೆ ಬಾಂಬು, ಕೆಳಗೆ ನೆಲಮಾಳಿಗೆ, ಒಂಬತ್ತು ಮಕ್ಕಳು.
ಎತೆಲ್ಕಾ ಅದಕ್ಕೆ ಹರಕು ಕಾಲುಚೀಲ ಸುತ್ತಿ
ಕರಿದಾರದಲ್ಲಿ ಬಾಯಿ ಹೊಲಿದಳು.
ಚಳಿಗೆ ಮರಗಟ್ಟಿದ ಬೆರಳು ಜಾರಿ
ಬಾಯಿ ಎಡಕ್ಕೆ ಸೊಟ್ಟಗಾಯಿತು.
ಆ ಸೊಟ್ಟಬಾಯಿಂದ ತೆರ್ಕಾ ಸುಳ್ಳು ಹೇಳಿದಳು,
ಸಿಪಾಯಿಯ ಜೇಬಿನ ಬ್ರೆಡ್ಡು ಕದ್ದಳು,
ದೇವರನ್ನೂ ಬಿಡದೆ ಬೈದಳು.
ಮಕ್ಕಳು ನಕ್ಕವು, ಸದ್ದು ಮೇಲೆ ಕೇಳೀತೆಂದು
ಒಬ್ಬರ ಬಾಯನ್ನೊಬ್ಬರು ಮುಚ್ಚಿ.

ಯುದ್ಧ ಮುಗಿದು ಕತೆ ಪುಸ್ತಕವಾಯಿತು,
ಪುಸ್ತಕ ರಂಗ ಹತ್ತುವಷ್ಟರಲ್ಲಿ ಕಾಲ ಕೆಂಪಾಗಿತ್ತು.
"ಕದಿಯುವ ಬೊಂಬೆ ಏನು ಕಲಿಸೀತು?" ಎಂದರು ಸಮಿತಿಯವರು.
ಕೊರಳಿಗೆ ಕೆಂಪು ವಸ್ತ್ರ ಬಂತು, ಕೈಗೆ ಸಲಿಕೆ.
ಬಾಯಿ ನೆಟ್ಟಗಾಯಿತು, ಅಡಿಪಟ್ಟಿ ಇಟ್ಟು ಗೆರೆ ಎಳೆದ ಹಾಗೆ.
ಹದಿನಾರರ ನನ್ನ ಮೊದಲ ಹೊಲಿಗೆ ಅದು.
ಎಲ್ಲರೂ ಮೆಚ್ಚಿದರು. ಎತೆಲ್ಕಾ ದಾರ ಕಚ್ಚಿ ಕಡಿದಳು,
ಕೆಲಸ ಇನ್ನೂ ಬಾಕಿಯಿತ್ತು.

ಆಮೇಲೆ ಸಿನಿಮಾ.
ಬೊಂಬೆಯನ್ನು ಕೂದಲೆಳೆಯಷ್ಟು ಸರಿಸಿ ಒಂದು ಫೋಟೋ,
ಮತ್ತೆ ಸರಿಸಿ ಇನ್ನೊಂದು.
ಇಪ್ಪತ್ತಾರು ಬಾಯಿ, ಒಂದು ತಂಬಾಕಿನ ಡಬ್ಬಿಯಲ್ಲಿ:
'ಆ' ಅನ್ನಲು ಒಂದು, 'ಓ' ಅನ್ನಲು ಒಂದು, ಅಳಲು ಮೂರು.
ಸುಮ್ಮನಿರುವ ಬಾಯಿ ಮಾಡಲು ಮರೆತಿದ್ದೆವು.
ಅದರಲ್ಲಿ ತೆರ್ಕಾ ಕಿಟಕಿಯ ಬಳಿ ಕೂತಿರುತ್ತಾಳೆ,
ಹಿಮ ಬೀಳುತ್ತದೆ, ಬೀಳುತ್ತಲೇ ಇರುತ್ತದೆ.
ದೊಡ್ಡವರು ಕಣ್ಣೊರೆಸಿಕೊಂಡರು.
ಮಕ್ಕಳು ಉಚ್ಚೆಗೆಂದು ಎದ್ದು ಹೋದವು.

ಗಡಿಯ ಮುಳ್ಳುತಂತಿ ಕತ್ತರಿಸಿದ ಮೇಲೆ
ಪ್ಲಾಸ್ಟಿಕ್ಕಿನವಳು ಬಂದಳು.
ಹೊಟ್ಟೆ ಒತ್ತಿದರೆ "ನನ್ನ ಮುದ್ದು ಮಾಡು" ಅನ್ನುವವಳು.
ಜೊತೆಗೊಂದು ಗುಲಾಬಿ ಬಾಚಣಿಗೆ.
ದಿಂಡಿಗೆ ಬಾಚಣಿಗೆ!

ಹೋದ ವರ್ಷ ಕಂಪ್ಯೂಟರಿನವರು.
"ನಾವು ಮೂಲಕ್ಕೆ ನಿಷ್ಠರು" ಎಂದು
ಗಾಜಿನ ಪೆಟ್ಟಿಗೆಯ ತೆರ್ಕಾಳ ಬಾಯಿಗೆ
ಕೋನಮಾಪಕ ಹಿಡಿದರು.
ಹನ್ನೊಂದು ಡಿಗ್ರಿ, ಬರೆದುಕೊಂಡರು.
ನನಗೆ ಕೆಮ್ಮು ಬಂತು.

ಆ ಗಾಜಿನೊಳಗಿನವಳನ್ನು ಹೊಲಿದವಳೂ ನಾನೇ,
ಎತೆಲ್ಕಾ ಸಾಯುವ ಹಿಂದಿನ ಚಳಿಗಾಲ.
ಹಾಸಿಗೆಯಿಂದಲೇ ಹೇಳಿಕೊಡುತ್ತಿದ್ದಳು:
"ಇನ್ನೂ ಸೊಟ್ಟ. ಇನ್ನೊಂಚೂರು. ಹಾಂ...
ಅಲ್ಲ."

ಮೊದಲಿನವಳು ಆ ಮುತ್ತಿಗೆಯ ಜನವರಿಯಲ್ಲೇ
ಒಲೆಗೆ ಹೋದಳಂತೆ.
ಒಣಗಿದ ದಿಂಡು ಚೆನ್ನಾಗಿ ಉರಿಯುತ್ತದೆ.
ಅರ್ಧ ಲೋಟ ನೀರು ಕಾಯಿತು,
ಜ್ವರದ ಕೂಸೊಂದು ಕುಡಿಯಿತು.
ಕೂಸು ಉಳಿಯಿತೇ? ನಾನು ಕೇಳಲಿಲ್ಲ.
ಅವಳು ಗೋಡೆಗೆ ಮಗ್ಗುಲಾದಳು.

"ಚೀಟಿಯಲ್ಲಿ ಯಾವ ವರ್ಷ ಬರೆಯಲಿ?"
ಹುಡುಗ ಪೆನ್ನು ಹಿಡಿದೇ ಕೂತಿದ್ದ.
"ನಲವತ್ತೈದು," ಅಂದೆ, "ಬರಿ."
ಅದೇನು ಪೂರ್ತಿ ಸುಳ್ಳೂ ಅಲ್ಲ.

ಸಂಜೆ ಟ್ರಾಮಿಗೆ ಕಾಯುತ್ತ ನಿಂತಿದ್ದೆ.
ಪಕ್ಕದಲ್ಲೊಂದು ಹುಡುಗಿ, ಮುಂದಿನ ಹಲ್ಲಿಲ್ಲ,
ಹಬೆಯಾಡುವ ಬೇಯಿಸಿದ ಜೋಳವನ್ನು
ಓರೆಯಾಗಿ ಕಚ್ಚಿ ಎಳೆಯುತ್ತಿದ್ದಳು.
ಬಾಯಿ ಎಡಕ್ಕೆ ವಾಲಿತ್ತು.
ಎಷ್ಟು ಡಿಗ್ರಿಯೋ, ಅಳೆಯುವವರು ಅಲ್ಲಿರಲಿಲ್ಲ.
ದಿಂಡು ಎಸೆಯಬೇಡ ಮಗೂ ಎನ್ನಲು ಬಾಯಿ ತೆರೆದೆ.
ಅಷ್ಟರಲ್ಲಿ ಟ್ರಾಮು ಬಂತು.