ಕುಂಚದ ತುದಿ

ಮೇಣದ ಅಚ್ಚಿನೊಳಗೆ ಕೂತಿದ್ದೀರಿ, ಇನೊಕುಮಾ-ಸಾನ್,
ಕಡಲೆಕಾಳಿನಷ್ಟು.
ಚೀಟಿಯಲ್ಲಿ: ಗಂಡಸು, ಎಪ್ಪತ್ತಮೂರು, ಮೂತ್ರಕೋಶದ ಎಡಗೋಡೆ.
ಕೆಳಗೆ, ಓದಲಾಗದ ಕೈಬರಹದಲ್ಲಿ,
ಕಸುಬು: ಕಿಮೊನೊ ಮೇಲೆ ಚಿತ್ರ ಬರೆಯುವುದು.

ಕ್ಯೋಟೋದಲ್ಲಿ ಇವತ್ತು ಚಳಿ. ಮೇಣ ಬಿರಿಯುತ್ತದೆ.
ಮೈಕ್ರೋಟೋಮಿನ ಹಿಡಿ ತಿರುಗಿಸಿದರೆ
ಕೂದಲಿಗಿಂತ ತೆಳ್ಳನೆ ಪದರ,
ಒಂದರ ಬಾಲ ಹಿಡಿದು ಇನ್ನೊಂದು.
ಆಗ ಮಾತಾಡಬಾರದು. ಉಸಿರು ತಾಗಿದರೂ ಹಾರಿಹೋಗುತ್ತೀರಿ.
ಸಣ್ಣ ಕುಂಚದಿಂದ ಎತ್ತಿ ಬಿಸಿನೀರಿನ ಮೇಲೆ ತೇಲಿಬಿಡುತ್ತೇನೆ,
ಹಿಂದೆ ಕಾಮೊ ಹೊಳೆಯಲ್ಲಿ ನಿಮ್ಮವರು
ಬಣ್ಣದ ಬಟ್ಟೆ ಬಿಡುತ್ತಿದ್ದರಲ್ಲ, ಹಾಗೆ.

ಹೋಲಿಸಿ ನೋಡಲು ಪಕ್ಕದಲ್ಲಿ ಒಂದು ಹಳೆಯ ಸ್ಲೈಡ್,
ಯಾರದೋ; ಹೆಸರು ಅಳಿಸಿದೆ.
ತಳದಲ್ಲಿ ಗಿಡ್ಡ ಕೋಶಗಳು, ಬಸ್ಸಿಗೆ ಕಾದವರಂತೆ ಒತ್ತೊತ್ತಾಗಿ.
ಅವುಗಳ ಮೇಲೆ ಹನಿಯಾಕಾರದವು.
ಎಲ್ಲಕ್ಕೂ ಮೇಲೆ ಕೊಡೆ ಕೋಶಗಳು
(ಪುಸ್ತಕದಲ್ಲೇ ಆ ಹೆಸರು),
ಅಗಲಗಲ, ಕೆಲವಕ್ಕೆ ಎರಡೆರಡು ನ್ಯೂಕ್ಲಿಯಸ್,
ಒಳಗಿನ ಮಳೆಗೆ ಬಿಚ್ಚಿಕೊಂಡವು.
ಚೀಲ ತುಂಬಿದಾಗ ಆರು ಸಾಲು ಸರಿದು ಎರಡಾಗುತ್ತವೆ,
ಬರಿದಾದಾಗ ಮತ್ತೆ ಹೆಗಲ ಮೇಲೆ ಹೆಗಲು.
ಮೈ ಬೇಡವೆಂದದ್ದನ್ನು
ಮೈಗೆ ವಾಪಸು ಸೋರದಂತೆ
ಗಂಟೆಗಟ್ಟಲೆ ಹಿಡಿದು ನಿಲ್ಲುವ ಕೆಲಸ.

ನೀವೂ ಹಿಡಿದು ಕೂತಿದ್ದಿರಬೇಕು.
ತೋಳಿನ ಅರ್ಧಕ್ಕೆ ಏಳುವಂತಿಲ್ಲ, ಬಣ್ಣದ ಅಂಚು ಒಣಗಿ
ಗೆರೆ ಬಿದ್ದೀತು.
ಇದು ನನ್ನ ಊಹೆ. ಅಜ್ಜಿಯ ಕೇರಿಯಲ್ಲಿ ಅಂಥವರಿದ್ದರು:
ಮಂಡಿಯೂರಿದ ಗಂಡಸರು,
ಕುಂಚದ ತುದಿ ಚೂಪಾಗಲು ತುಟಿಗಳ ನಡುವೆ ಒಮ್ಮೆ ಎಳೆದು
ಪ್ಲಮ್ ಹೂವಿಗೊಂದು ಎಸಳು,
ಮತ್ತೆ ತುಟಿ, ಕೊಕ್ಕರೆಗೊಂದು ಕಾಲು.
ನಾಲಿಗೆಯಲ್ಲಿ ಹತ್ತಿದ್ದು ರಕ್ತಕ್ಕೆ, ಅಲ್ಲಿಂದ ಮೂತ್ರಪಿಂಡಕ್ಕೆ,
ಅಡ್ಡ ಕೊಯ್ದರೆ ನಕ್ಷತ್ರದಂತೆ ಕಾಣುವ ಆ ಕಿರುನಾಳದಲ್ಲಿಳಿದು
ರಾತ್ರಿಯಿಡೀ ಕೊಡೆಗಳ ಮೇಲೆ ನಿಂತಿರುತ್ತಿತ್ತು.
ಉಪ್ಪು ತಿಂದವರು ನೀರು ಕುಡಿಯುತ್ತಾರೆ.
ಬಣ್ಣ ತಿಂದವರು?

ಈಗ ನನ್ನ ಬಣ್ಣ.
ಯಾವುದೋ ದೇಶದ ಮರದ ಚಕ್ಕೆಯ ನೀಲಿ, ಅದರ ಮೇಲೆ ಗುಲಾಬಿ.
ತೊಳೆದು, ಒಣಗಿಸಿ, ಬೆಳಕಿಗಿಟ್ಟೆ.

ಕೊಡೆಗಳಿಲ್ಲ.
ಒಂದೂ ಇಲ್ಲ.
ಅವು ಇರಬೇಕಾದಲ್ಲಿ ಸಣ್ಣ ಸಣ್ಣ ಕೊಂಬೆ,
ಕೊಂಬೆಯ ನಡುವೆ ರಕ್ತದ ಎಳೆ, ಸುತ್ತ ಗಿಜಿಗಿಜಿ ನೀಲಿ ಮೊಗ್ಗು.
ಚೆಂದ, ಅಂದುಬಿಟ್ಟೆ.
ನಾಲಿಗೆ ಕಚ್ಚಿಕೊಂಡೆ.
ಸ್ನಾಯುವಿನ ತನಕ ಇಳಿದಂತಿಲ್ಲ.
ಆದರೆ ಅದನ್ನು ಹೇಳುವವಳು ನಾನಲ್ಲ,
ನಾಳೆ ಡಾಕ್ಟರ್ ಸೆಂಗೋಕು ನೋಡಿ ಬರೆಯುತ್ತಾರೆ.

ಇನ್ನೂ ಹನ್ನೊಂದು ಅಚ್ಚುಗಳಿವೆ.
ಕುಂಚದ ಎರಡು ಕೂದಲು ಕವಲೊಡೆದು ನಿಂತಿವೆ.
ಸೂಜಿಗೆ ದಾರ ಪೋಣಿಸಿದ ಕುಲದ ಕೈ,
ಯೋಚಿಸದೆ ತುಟಿಯ ತನಕ ಬಂತು.

ನೀರಿನ ಬಟ್ಟಲು
ಎಡಗಡೆಗಿತ್ತು.