ದಶಮಾಂಶ

ಮಿಲ್ಡ್ಯೂರಾದಲ್ಲಿ ಫೆಬ್ರುವರಿ ಅಂದರೆ
ಬೆಳಗಿನ ಏಳಕ್ಕೇ ಕಾದ ಹಂಚು.
ಕೆಂಪು ಮಣ್ಣು. ನೆರಳಿಗೆ ದ್ರಾಕ್ಷಿ ಬಳ್ಳಿಯೇ ಗತಿ.
ಬಳ್ಳಿಯ ಕೆಳಗೆ ವನುವಾಟು ದ್ವೀಪದ ಹದಿನಾಲ್ಕು ಜನ,
ತಗಡಿನ ಶೆಡ್ಡಿನಲ್ಲಿ, ಕತ್ತು ತಿರುಗದ ಫ್ಯಾನಿನ ಮುಂದೆ
ಬಕೆಟ್ಟು ಎಣಿಸಿ ಬರೆಯುವ ನಾನು.

ಕಷ್ಟದ ಕೆಲಸವಲ್ಲ. ಅವರು ತಂದು ಸುರಿಯುತ್ತಾರೆ,
ನಾನು ಗೆರೆ ಎಳೆಯುತ್ತೇನೆ:
ನಾಲ್ಕು ನೇರ, ಐದನೆಯದು ಅಡ್ಡ.
ಬೆಟಗೇರಿಯ ಮಿಷನ್ ಶಾಲೆಯಲ್ಲಿ ಪಾಟಿಯ ಮೇಲೆ
ಹೀಗೇ ಕಲಿತದ್ದು.
ಬಳಪ ಹೋಗಿ ಬಾಲ್‌ಪೆನ್ನು ಬಂದಿದೆ, ಅಷ್ಟೆ.

ಎರಡನೇ ವಾರ ಕಂಟ್ರಾಕ್ಟರ್ ಗ್ರಾಂಟ್ ಬಂದ.
ಟೋಪಿ ತೆಗೆದ. ನನಗೆಂದು ತಣ್ಣನೆಯ ನೀರಿನ ಬಾಟಲಿ ತಂದಿದ್ದ.
"ಹತ್ತಕ್ಕೆ ಒಂಬತ್ತು ಬರಿ, ಜೀವರತ್ನಾ.
ಎಲೆ, ಕಡ್ಡಿ, ಒಡೆದ ಹಣ್ಣು, ಎಲ್ಲಾ ಇರುತ್ತಲ್ಲ."
ದನಿಯಲ್ಲಿ ಗದರಿಕೆ ಇರಲಿಲ್ಲ.
ಗದರಿದ್ದರೆ ಒಂದು ಉತ್ತರವಾದರೂ ಹುಟ್ಟುತ್ತಿತ್ತು.

ಹನ್ನೊಂದು ದಿನ ಬರೆದೆ.
ಇದನ್ನು ಮೊದಲೇ ಹೇಳಿಬಿಡುತ್ತೇನೆ,
ಮುಂದಿನದನ್ನು ಕೇಳಿ ಯಾರೂ ನನ್ನನ್ನು ಹೊಗಳಬಾರದು.
ನಾನು ಮಲಗುವ ಕ್ಯಾರವಾನು ಅವನದು,
ಬಾಗಿಲ ಬೀಗದ ಎರಡನೇ ಕೀಲಿ ಅವನಲ್ಲಿತ್ತು,
ಮತ್ತು ನೀರು ನಿಜವಾಗಿಯೂ ತಣ್ಣಗಿತ್ತು.

ಭಾನುವಾರ ಅದೇ ಗ್ರಾಂಟ್
ಕಾಣಿಕೆ ತಟ್ಟೆ ಹಿಡಿದು ಬೆಂಚಿನಿಂದ ಬೆಂಚಿಗೆ ಬರುತ್ತಾನೆ.
ಅವನ ಲಕೋಟೆಯೇ ಎಲ್ಲರದಕ್ಕಿಂತ ದಪ್ಪ.
ದಶಮಾಂಶ ಎಂದೂ ತಪ್ಪಿಸಿದವನಲ್ಲ.
ಯಾರ ಹತ್ತರಲ್ಲಿ ಒಂದು ಅದು,
ತಟ್ಟೆಗೆ ಗೊತ್ತಿಲ್ಲ.
ನನಗೆ ಗೊತ್ತು, ಗೆರೆ ನನ್ನದು.

ಹನ್ನೊಂದನೇ ದಿನದ ಸಂಜೆ ಲೈತಾವು
ಲಂಗದ ಜೇಬಿನಿಂದ ದ್ರಾಕ್ಷಿ ತೊಟ್ಟುಗಳನ್ನು ತೆಗೆದು
ನನ್ನ ಮೇಜಿನ ಮೇಲೆ ಸಾಲಾಗಿ ಇಟ್ಟಳು.
ಬಕೆಟ್ಟಿಗೊಂದು. ಮೂವತ್ತು.
ನನ್ನ ಹಾಳೆಯಲ್ಲಿ ಇಪ್ಪತ್ತೇಳು.
ಅವಳು ಹಾಳೆ ನೋಡಿದಳು, ನಾನು ಫ್ಯಾನು ನೋಡಿದೆ.
ತೊಟ್ಟುಗಳನ್ನು ಮತ್ತೆ ಜೇಬಿಗೆ ಬಳಿದುಕೊಂಡಳು.
ಹೋಗುವಾಗ ಒಂದು ಗೊಂಚಲು ಇಟ್ಟು ಹೋದಳು:
"ಮಧ್ಯಾಹ್ನ ನೀನು ಊಟ ಮಾಡಲಿಲ್ಲ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.
ಆ ಗೊಂಚಲನ್ನು ತಿನ್ನಲಾಗಲಿಲ್ಲ, ಎಸೆಯಲೂ ಆಗಲಿಲ್ಲ.

ಮರುದಿನ ಹತ್ತಕ್ಕೆ ಹತ್ತು ಬರೆದೆ.
ಶುಕ್ರವಾರ ಕೆಲಸ ಹೋಯಿತು, ಶನಿವಾರ ಕ್ಯಾರವಾನು.
ನನ್ನ ಜಾಗಕ್ಕೆ ಬಂದ ಹುಡುಗ, ಬೆನ್ನಿಗೆ ಚೀಲ ಹೊತ್ತು ದೇಶ ಸುತ್ತುವವನು,
ಮೊದಲ ದಿನವೇ ಒಂಬತ್ತು ಬರೆದನಂತೆ.
ಬದಲಾದದ್ದು ಕುರ್ಚಿಯಲ್ಲಿ ಕೂತವರು ಮಾತ್ರ.
ಸಾಕ್ಷಿ ಹೇಳುವಾಗ ಜನ ಈ ಭಾಗ ಬಿಡುತ್ತಾರೆ:
ಸರಿಯಾದದ್ದನ್ನು ಮಾಡಿದೆ, ಏನೂ ಆಗಲಿಲ್ಲ.

ಈ ಭಾನುವಾರ ಪ್ರಾರ್ಥನೆಯಲ್ಲಿ
ಸಾಲ ಬಿಟ್ಟುಕೊಡುವ ಸಾಲು ಬಂದಾಗ
ಎಲ್ಲರೂ ಇಂಗ್ಲಿಷಿನಲ್ಲಿದ್ದರು, ನಾನು ಕನ್ನಡಕ್ಕೆ ಜಾರಿದೆ.
ಒಂದು ಬೆಂಚು ಮುಂದೆ ಗ್ರಾಂಟ್. ಬಿಸಿಲಿಗೆ ಸುಲಿದ ಅವನ ಕತ್ತು.
ಬಿಟ್ಟೆ, ಅಂದೆ.
ನನ್ನ ಎರಡು ವಾರದ ಕೂಲಿ, ಶನಿವಾರ ರಾತ್ರಿಯ ಬಸ್‌ಸ್ಟಾಪು,
ಎರಡನೇ ಕೀಲಿಯ ಭಯ, ಬಿಟ್ಟೆ.
ಹಲ್ಲು ಕಚ್ಚಿಯೇ ಬಿಟ್ಟೆ, ಬೇರೆ ಥರ ನನಗೆ ಬರುವುದಿಲ್ಲ.

ಆದರೆ ಲೈತಾವುಳ ಮೂರು ತೊಟ್ಟು?
ಅವು ನನ್ನವಲ್ಲ.
ಇನ್ನೊಬ್ಬರ ಜೇಬಿನದನ್ನು ದಾನ ಮಾಡುವುದಕ್ಕೆ
ಕ್ಷಮೆ ಅನ್ನುವುದಿಲ್ಲ. ಅದನ್ನೇ ಅಲ್ಲವೆ
ಹನ್ನೊಂದು ದಿನ ಮಾಡಿದ್ದು?

ಮಡಿಲ ಚೀಲದಲ್ಲಿ ನೋಟುಬುಕ್ಕಿದೆ.
ನಾನೂರ ನಲವತ್ತೊಂದು ಬಕೆಟ್ಟು, ಹೆಸರು ಹೆಸರಿಗೆ.
ಸೋಮವಾರ ಒಂಬತ್ತಕ್ಕೆ ಕಾರ್ಮಿಕ ಕಚೇರಿ ತೆರೆಯುತ್ತದೆ.
ಸುಳ್ಳು ಲೆಕ್ಕ ಬರೆದವರು ಯಾರು ಎಂಬಲ್ಲಿ
ನನ್ನ ಹೆಸರು, ತಂದೆಯ ಹೆಸರು, ಊರಿನ ಸಮೇತ.

ಕೈ ಕುಲುಕಿ ಸಮಾಧಾನ ಹೇಳುವ ಹೊತ್ತು.
ಗ್ರಾಂಟ್ ತಿರುಗಿದ. ನನ್ನನ್ನು ಕಂಡು
ಅವನ ಕೈ ಅರ್ಧಕ್ಕೆ ನಿಂತಿತು.
ಉಳಿದರ್ಧ ನಾನು ಹೋದೆ.
ಅಂಗೈ ಒದ್ದೆಯಾಗಿತ್ತು. ಅವನದೋ, ನನ್ನದೋ.