ಹದಿನೈದು ವರ್ಷ

ನನ್ನ ಕೆಲಸ ಫರಸಿ ಒರಸೂದು.
ಪಗಾರ ಅದಕ್ಕಷ್ಟ.
ಕಿಡಕಿ ಮುಂದ ಯಾರರ ಕನ್ನಡ ಮಾತಾಡಿದ್ರ
ಸಿಸ್ಟರ್ ಎಸ್ಪೆರಾನ್ಸಾ ಕರೀತಾಳ,
ಬಕೀಟು ಗ್ವಾಡಿಗೆ ಸರಿಸಿ ಹೋಗತೀನಿ,
ಕೈ ಫಿನಾಯಿಲ್ ನಾರತಿರತಾವ.

ಇವತ್ತು ಬಂದಾಕಿ ಯಮನವ್ವ.
ಬದಾಮಿ ಕಡೆ ಊರು, ಝುವಾರಿನಗರದಾಗ ತಗಡಿನ ಖೋಲಿ,
ಸೆಂಟ್ರಿಂಗ್ ಕೆಲಸ, ಎರಡು ಕೂಸು.
ಮೂರನೇದು ಏಳು ವಾರದ್ದು. ಬ್ಯಾಡ ಅಂತಾಳ.
ಕುಬಸದಾಗಿಂದ ತಾಯಿ ಕಾರ್ಡು ತೆಗೆದ್ಲು,
ಬೆವರಿಗೆ ಅಂಚು ಬೆಳ್ಳಗಾಗೇತಿ.
ಊರಾಗ ಅದನ್ನ ತೋರಿಸಿದ್ರ
ಆಶಾ ಅಕ್ಕ ತಾನ ಆಟೋ ಹೇಳತಿದ್ಲಂತ.

ಸಿಸ್ಟರ್ ತಿರುವಿ ನೋಡಿದ್ಲು.
ತಲಿಕೆಳಗ ಹಿಡದಿದ್ಲು, ನಾ ಹೇಳಲಿಲ್ಲ.
ಕ್ಯಾಸಲ್‌ರಾಕ್ ಮಟ ಅದು ಕಾರ್ಡು,
ಘಟ್ಟ ಇಳದ್ರ ರಟ್ಟು.

'ಗೋವಾದಾಗ ಎಷ್ಟು ವರ್ಷ ಆತು, ಕೇಳು.
ರಹಿವಾಸಿ ಕಾಗದ ಐತೇನು, ಕೇಳು.
ಇಲ್ಲಂದ್ರ ಹೊರಗಿನವರ ದರ.
ಗಂಡನ ಸಹಿ?'
ಕಾಯ್ದೆದಾಗ ಗಂಡನ ಸಹಿ ಇಲ್ಲ,
ಡಾಕ್ಟರ್ ಬಾಯಿ ಫೋನಿನಾಗ ಯಾರಿಗೋ ಒದರೂದು
ಮೆಟ್ಟಲ ಒರಸೂಮುಂದ ಕೇಳೇನಿ.
ಆದ್ರ ಕಾಯ್ದೆ ದಿಲ್ಲಿದು,
ಕಿಡಕಿ ಎಸ್ಪೆರಾನ್ಸಾಂದು.

ಕೇಳಿದೆ.
'ಯುಗಾದಿಗೆ ಒಂದು ವರ್ಷ ತುಂಬಿತಕ್ಕಾ.
ಅಂವಗ ಹೇಳಿಲ್ಲ.
ಹುಬ್ಬಳ್ಳಿಗೆ ಹೋಗಂತಾರೇನು? ಮೂರು ದಿನದ ಪಗಾರ ಹೊಕ್ಕೈತಿ.
ಅಲ್ಲೂ ಮುಂದಿನ ವಾರ ಬಾ ಅಂದ್ರ
ಒಳಗಿಂದು ಕಾಯತೈತೇನು?'

ಬಾಯಾಗ ಎರಡು ಭಾಷಾ ಇದ್ದಾಕಿಗೆ
ನಡುವ ಒಂದು ಸಂದಿ ಸಿಗತೈತಿ,
ರೈಲಿನ ಡಬ್ಬಿ ಕೂಡಿಸಿದಲ್ಲೆ ಇರತೈತಲ್ಲ,
ಕೆಳಗ ಹಳಿ ಓಡೂದು ಕಾಣೂವಂಥಾದ್ದು.

ನನ್ನ ಮೂರನೇದೂ ಹುಟ್ಟಿದ್ದು
ಕಾಗದ ಹುಡುಕೂದರಾಗ.
ಈಗ ಹತ್ತನೇತ್ತೆ ಓದತಾನ, ನನ್ನ ಜೀವ ಅಂವ.
ಅಂದ್ರೂ ಆವತ್ತು
ನನ್ನ ಪರವಾಗಿ ಒಬ್ಬರರ ಸುಳ್ಳು ಹೇಳಲಿಲ್ಲ.

'ಪಂದ್ರಾ ವರ್ಸಾಂ,' ಅಂದೆ ಸಿಸ್ಟರ್‌ಗ.
ಕಾಗದ ಮಳಿಗೆ ತೊಯ್ದು ಹೋಗೇತಂತ,
ಗಂಡ ಮೀನಿನ ಬೋಟಿನ ಮ್ಯಾಲ, ಬರೂದು ಮುಂದಿನ ತಿಂಗಳಂತ.
ಯಮನವ್ವಗ ಒಂದೂ ತಿಳೀಲಿಲ್ಲ,
ಎಲ್ಲಾದಕ್ಕೂ ಗೋಣು ಹಾಕಿದ್ಲು.

ಎಸ್ಪೆರಾನ್ಸಾ ಪೆನ್ನು ಎತ್ತಿ ನನ್ನ ನೋಡಿದ್ಲು,
ಮೊದಲು ಮುಖ, ಆಮ್ಯಾಲ ಕೈ.
'ಹದಿನೈದು ವರ್ಷದಾಗ
ಇಕಿಗೆ ಒಂದು ಶಬ್ದ ಕೊಂಕಣಿ ಬರಲಿಲ್ಲೇನು?'

'ಸೆಂಟ್ರಿಂಗ್ ಮ್ಯಾಲ ಯಾರು ಮಾತಾಡಸತಾರ ಬಾಯಿ.'

ಅದೊಂದು ಖರೆ.
ಹಿಂದ ಸಾಲು ಬೆಳದಿತ್ತು.
ಪೆನ್ನು ಇನ್ನೂ ಕಾಗದ ಮುಟ್ಟಿದ್ದಿಲ್ಲ.